ವೀಲ್‌ಚೇರ್ ಹೇಳಿದ್ದೇವೆ, ಅಪ್ಪ ಒಬ್ಬರೇ ಬರಬಹುದಾ?

ಇದೇ ಪ್ರಶ್ನೆ ದುಬೈಯಿಂದ, ಮಸ್ಕತ್‌ನಿಂದ, ಅಮೆರಿಕದಿಂದ ಮತ್ತೆ ಮತ್ತೆ ಬರುತ್ತಿದೆ. ಬೆಳಗಾವಿಯ ನನ್ನ ಕ್ಲಿನಿಕ್‌ನಲ್ಲೂ ಕೇಳುತ್ತಾರೆ. ಹಾಗಾಗಿ ಈ ಸಲ ಒಂದು ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ತಂದೆಗೆ 78 ವರ್ಷ. ಬಾಗಲಕೋಟೆಯವರು. ಮೂವತ್ತು ವರ್ಷ ದುಬೈಯಲ್ಲಿ ದುಡಿದು ಈಗ ನನ್ನ ಜೊತೆಯೇ ಇದ್ದಾರೆ. ಎರಡು ವರ್ಷದಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಊರಿಗೆ ಕಳಿಸಬೇಕು. ನನಗೆ ರಜೆ ಸಿಗುತ್ತಿಲ್ಲ. ವೀಲ್‌ಚೇರ್ ಬುಕ್ ಮಾಡಿ, ನಿದ್ದೆ ಮಾತ್ರೆ ಕೊಟ್ಟು ಕೂರಿಸಿದರೆ ಬೆಂಗಳೂರಿನಲ್ಲಿ ತಮ್ಮ ಕರೆದುಕೊಳ್ಳುತ್ತಾನೆ. ಆಗುತ್ತಾ?

ಉತ್ತರ: ಆಗುವುದಿಲ್ಲ. ವೀಲ್‌ಚೇರ್ ಸೇವೆ ಇರುವುದು ನಡೆಯಲು ಆಗದವರಿಗೆ. ತಳ್ಳುವ ಹುಡುಗ ನಿಮ್ಮ ತಂದೆಯನ್ನು ಗೇಟಿನ ಹತ್ತಿರ ಕೂರಿಸಿ ಇನ್ನೊಬ್ಬರನ್ನು ಕರೆತರಲು ಹೋಗುತ್ತಾನೆ. ಅದು ಅವನ ತಪ್ಪಲ್ಲ. ಆ ಅರ್ಧ ಗಂಟೆ ಇವರು ಯಾಕೆ ಕೂತಿದ್ದೇನೆ ಅನ್ನುವುದನ್ನೇ ಮರೆತು ಎದ್ದು ನಡೆಯುತ್ತಾರೆ. ಕಾಲು ಗಟ್ಟಿ ಇದ್ದಷ್ಟೂ ಅಪಾಯ ಜಾಸ್ತಿ. ಇಮಿಗ್ರೇಷನ್‌ನಲ್ಲಿ ಎಲ್ಲಿಂದ ಬಂದಿರಿ ಎಂದು ಕೇಳಿದರೆ ಏನು ಹೇಳುತ್ತಾರೆ? ಜೊತೆಗೆ ಅವರಿಗೆ ಗುರುತಿರುವ ಒಬ್ಬರು ಬರಲೇಬೇಕು. ನಿಮಗೆ ರಜೆ ಇಲ್ಲದಿದ್ದರೆ ತಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳಿ. ಅದೂ ಆಗದಿದ್ದರೆ ಪ್ರಯಾಣ ಮುಂದೆ ಹಾಕಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಇನ್ನು ನಿದ್ದೆ ಮಾತ್ರೆ. ಈ ಸಲಹೆ ನಿಮಗೆ ಯಾರು ಕೊಟ್ಟರೋ ಗೊತ್ತಿಲ್ಲ, ದಯವಿಟ್ಟು ಇನ್ನು ಅವರನ್ನು ಕೇಳಬೇಡಿ. ವಿಮಾನದೊಳಗಿನ ಗಾಳಿ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ಅದರ ಮೇಲೆ ಆಲ್ಪ್ರಜೋಲಂನಂಥ ನಿದ್ದೆ ಮಾತ್ರೆ ಕೊಟ್ಟರೆ ಉಸಿರು ಮಂದವಾಗಬಹುದು, ಶೌಚಕ್ಕೆ ಎದ್ದಾಗ ಬಿದ್ದು ಸೊಂಟ ಮುರಿಯಬಹುದು. ಕೆಲವು ಸಲ ಉಲ್ಟಾ ಪರಿಣಾಮ ಆಗುತ್ತದೆ. ಮಲಗುವ ಬದಲು ಗಾಬರಿಯಿಂದ ಕೂಗಾಡುತ್ತಾರೆ. ನಿದ್ದೆ ಬರಿಸುವ ಹಳೇ ಅಲರ್ಜಿ ಮಾತ್ರೆಗಳಂತೂ ಮರೆವಿನ ಗೊಂದಲವನ್ನು ಇನ್ನೂ ಹೆಚ್ಚಿಸುತ್ತವೆ. ದಿನದ ಮಾತ್ರೆಗಳನ್ನೇ ಹೊತ್ತಿಗೆ ಸರಿಯಾಗಿ ಕೊಡಿ. ಅವು ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ. ನೀರು ಕುಡಿಸಿ. ದಾರಿಯಲ್ಲಿ ಶೌಚದ ತೊಂದರೆ ಅಂತ ನೀರು ನಿಲ್ಲಿಸುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದರೆ ತಲೆ ಮತ್ತಷ್ಟು ಗೊಂದಲಕ್ಕೆ ಬೀಳುತ್ತದೆ.

ಹೊರಡುವ ಮುಂಚೆ ಮೂತ್ರದ ಸೋಂಕು ಇದೆಯಾ ನೋಡಿಸಿ, ಅದರಿಂದಲೂ ಗೊಂದಲ ಹೆಚ್ಚಾಗಬಹುದು. ಏರ್‌ಲೈನ್‌ಗೆ ಕಾಯಿಲೆ ಇರುವುದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟು, ಬೋರ್ಡಿಂಗ್ ಹೊತ್ತಿಗೆ ನಿಮ್ಮ ತಂದೆ ರೇಗಾಡಿದರೆ ಹತ್ತಿಸಿಕೊಳ್ಳದೇ ಬಿಡಬಹುದು. ವೈದ್ಯರ ಪತ್ರ ಕೊಟ್ಟು, ಜೊತೆಗೆ ಇಂಥವರು ಇರುತ್ತಾರೆ ಎಂದು ಮೊದಲೇ ತಿಳಿಸಿ. ದುಬೈ, ಬೆಂಗಳೂರು ಎರಡೂ ನಿಲ್ದಾಣಗಳಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಕೊರಳಪಟ್ಟಿ ಸಿಗುತ್ತದೆ. ಹೊರಗೆ ಕಾಣದ ತೊಂದರೆ ಇರುವವರು ಎಂದು ಸಿಬ್ಬಂದಿಗೆ ಅದರಿಂದ ಗೊತ್ತಾಗುತ್ತದೆ. ಅದನ್ನು ಹಾಕಿಸಿ. ಪಾಸ್‌ಪೋರ್ಟ್ ಅವರ ಕೈಗೆ ಕೊಡಬೇಡಿ, ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

ಹೊತ್ತಿನ ಲೆಕ್ಕ ಬಹಳ ಮುಖ್ಯ. ಈ ಕಾಯಿಲೆಯವರಿಗೆ ಸಂಜೆಯಾದಂತೆ ತಳಮಳ ಏರುತ್ತದೆ. ದುಬೈಯಲ್ಲಿ ಬೆಳಿಗ್ಗೆ 10ಕ್ಕೆ ಹೊರಟರೂ, ನಾಲ್ಕು ಗಂಟೆ ಹಾರಾಟ, ಒಂದೂವರೆ ಗಂಟೆ ಸಮಯದ ವ್ಯತ್ಯಾಸ ಸೇರಿ ಬೆಂಗಳೂರಿಗೆ ಇಳಿಯುವಾಗ ಮಧ್ಯಾಹ್ನ ಮೂರೂವರೆ. ಹೊರಗೆ ಬರುವಷ್ಟರಲ್ಲಿ ಸಂಜೆ. ಅಲ್ಲಿಂದ ನೇರ ರಾತ್ರಿ ಸ್ಲೀಪರ್ ಬಸ್ ಹತ್ತಿಸಬೇಡಿ! ನನ್ನ ಬಳಿ ಬರುವ ಹಿರಿಯರೊಬ್ಬರು ಹೀಗೇ ಬರುವಾಗ, ಚಿತ್ರದುರ್ಗ ದಾಟಿ ಢಾಬಾ ಒಂದರಲ್ಲಿ ಬಸ್ ನಿಂತಾಗ ಇಳಿದುಬಿಟ್ಟರು. ಮಗ ನಿದ್ದೆಯಲ್ಲಿದ್ದ. ಬಸ್ ಹೊರಟಿತು. ಬೆಳಗಿನ ಜಾವ ಹೆದ್ದಾರಿ ಅಂಚಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವರನ್ನು ಲಾರಿಯವರು ಹತ್ತಿಸಿಕೊಂಡರು. ಆ ಮಗನ ಮುಖ ನಾನು ಮರೆತಿಲ್ಲ. ಒಂದು ರಾತ್ರಿ ಬೆಂಗಳೂರಿನಲ್ಲೇ ಉಳಿಯಿರಿ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ವಿಮಾನ, ಅಲ್ಲಿಂದ ಹಗಲಲ್ಲೇ ಕಾರು.

ಊರು ಮುಟ್ಟಿದ ಮೇಲಿನ ಮಾತು ಇದಕ್ಕಿಂತ ಕಷ್ಟ. ನಿಮ್ಮ ತಂದೆ ದುಬೈಯಲ್ಲಿ ದಿನಾ "ಮನೀಗೆ ಹೋಗೂಣ ನಡಿ" ಅನ್ನುತ್ತಿರಬೇಕು, ಅಲ್ವಾ? ಬಾಗಲಕೋಟೆಗೆ ಬಂದ ಮೇಲೂ ಅನ್ನುತ್ತಾರೆ. ಅವರ ತಲೆಯಲ್ಲಿರುವ ಮನೆ ಹಳೇ ಬಾಗಲಕೋಟೆಯದ್ದಿರಬಹುದು. ಅಲ್ಲಿನ ಎಷ್ಟೋ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋಗಿವೆ. ಕರೆತರುವುದು ನವನಗರದ ಸೆಕ್ಟರ್ ಮನೆಗಾದರೆ, ಅಲ್ಲಿ ಒಂದು ಬೀದಿ ಇನ್ನೊಂದರಂತೆಯೇ ಕಾಣುತ್ತದೆ. ಹೊರಗೆ ಹೋದರೆ ಹಿಂದಿರುಗುವ ದಾರಿ ತಿಳಿಯುವುದಿಲ್ಲ. ಆ ಮನೆ ಮುಳುಗಿಹೋಯಿತು ಎಂದು ದಿನಾ ತಿದ್ದಬೇಡಿ, ಅವರಿಗೆ ಅದು ಪ್ರತಿ ಸಲವೂ ಹೊಸ ಸಾವಿನ ಸುದ್ದಿ. "ಆ ಮನ್ಯಾಗ ಯಾರ್ಯಾರ್ ಇದ್ರು?" ಎಂದು ಕೇಳಿ, ಮಾತಾಡಲು ಬಿಡಿ. ಗೇಟಿಗೆ ಒಳಗಿನಿಂದ ಚಿಲಕ ಇರಲಿ. ಅಕ್ಕಪಕ್ಕದವರಿಗೆ, ಕಿರಾಣಿ ಅಂಗಡಿಯವರಿಗೆ ಫೋಟೊ, ಫೋನ್ ನಂಬರ್ ಕೊಡಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಕಾಣೆಯಾದರೆ ಸುಮ್ನೆ ಕಾಯಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಊರಿನ ಗಾಳಿ, ಜೋಳದ ರೊಟ್ಟಿ ಸಿಕ್ಕರೆ ನೆನಪು ಮರಳುತ್ತದೆ ಅನ್ನುತ್ತಾರೆ. ನಲವತ್ತು ದಿನದ ನಾಟಿ ಔಷಧಿಯೂ ಇದೆಯಂತೆ?

ಉತ್ತರ: ರೊಟ್ಟಿ ಕೊಡಿ, ಖುಷಿಯಿಂದ ತಿನ್ನುತ್ತಾರೆ. ನೆನಪು ಮರಳುವುದಿಲ್ಲ. ಆ ಔಷಧಿ ಮಾರುವವನು ಮೋಸಗಾರ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಅವುಗಳ ಕೊರತೆಯಿಂದ ಬಂದ ಮರೆವಿಗೆ ನಿಜವಾಗಿಯೂ ಚಿಕಿತ್ಸೆ ಇದೆ.

ಪ್ರಶ್ನೆ: "ಅರವತ್ತಕ್ಕೆ ಅರಳು ಮರಳು" ಅಲ್ಲವೇ, ಡಾಕ್ಟರ್ ಯಾಕೆ?

ಉತ್ತರ: ಅರವತ್ತಾದವರಿಗೆಲ್ಲ ಹೀಗಾಗುವುದಿಲ್ಲ. ಇದು ಮಿದುಳಿನ ಕಾಯಿಲೆ. ತೋರಿಸಿ.

ಪ್ರಶ್ನೆ: ಮಾವ ಊರಿಗೆ ಬಂದಾಗಲೇ ಹೊಲದ ಮುಖ್ತ್ಯಾರ್ ಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಹೆಬ್ಬೆಟ್ಟು ಒತ್ತಿಸಬಹುದಾ?

ಉತ್ತರ: ಬೇಡ. ತಿಳಿಯದವರ ಕೈ ಹಿಡಿದು ಒತ್ತಿಸಿದ ಹೆಬ್ಬೆಟ್ಟು ಅನ್ಯಾಯ. ಬುದ್ಧಿ ಸ್ವಾಧೀನದಲ್ಲಿದ್ದಾಗ ಬರೆದುಕೊಟ್ಟ ಸಾಮಾನ್ಯ ಮುಖ್ತ್ಯಾರ್ ಕೂಡ ಆಮೇಲೆ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ ಬಿದ್ದುಹೋಗುತ್ತದೆ. ವಕೀಲರನ್ನು ಕಾಣಿ.

ಪ್ರಶ್ನೆ: ವಿಜಯಪುರದ ಸೊಸೆ ನಾನು. ಮಾವನನ್ನು ನಾನೇ ಒಬ್ಬಳೇ ಕರೆತರುತ್ತಿದ್ದೇನೆ. ಏನು ನೋಡಿಕೊಳ್ಳಬೇಕು?

ಉತ್ತರ: ಬೆಂಗಳೂರಿನಲ್ಲಿ ಮುಂದಿನ ವಿಮಾನ ಹಿಡಿಯುವಾಗ ಮತ್ತೆ ಸೆಕ್ಯುರಿಟಿ ತಪಾಸಣೆ ಇರುತ್ತದೆ. ಅಲ್ಲಿ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ನೀವು ಪರದೆಯ ಹಿಂದೆ ಹೋದ ಆ ಎರಡು ನಿಮಿಷ ಅವರು ಒಂಟಿ. ಸಾಲಿಗೆ ನಿಲ್ಲುವ ಮುಂಚೆಯೇ ಸಿಐಎಸ್‌ಎಫ್ ಸಿಬ್ಬಂದಿಗೆ ಹೇಳಿ, ಮೊದಲು ನಿಮ್ಮ ತಪಾಸಣೆ ಮುಗಿಸಿಕೊಂಡು ಆಚೆ ಕಡೆ ಅವರಿಗಾಗಿ ನಿಂತಿರಿ. ಶೌಚಕ್ಕೆ ಅಂಗವಿಕಲರ ಕೋಣೆ ಬಳಸಿ, ಇಬ್ಬರೂ ಒಳಗೆ ಹೋಗಬಹುದು. ವಿಮಾನದಲ್ಲಿ ಅವರಿಗೆ ಕಿಟಕಿ ಸೀಟು, ನಿಮಗೆ ಪಕ್ಕದ್ದು. ಆಗ ನಿಮ್ಮನ್ನು ದಾಟದೆ ಅವರು ಏಳಲು ಆಗುವುದಿಲ್ಲ.