ಸುಣ್ಣದ ಮರಳಿನಲ್ಲಿ ಪೈಲ್ ಯಾಕೆ ಜಾರುತ್ತದೆ?

ಪ್ರಶ್ನೆ: ಸರ್, ನನ್ನ ತಮ್ಮ ಮುಂಬೈ ಕಡೆ ಸಮುದ್ರದಲ್ಲಿ ಪೈಲ್ (ಅಡಿಪಾಯಕ್ಕೆ ತಳದೊಳಗೆ ಇಳಿಸುವ ಉದ್ದನೆಯ ಕಂಬ) ಬಡಿಯುವ ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಮೇಲೆ ಕೆಲಸಕ್ಕಿದ್ದಾನೆ. ಹೋದ ತಿಂಗಳು ಹ್ಯಾಮರ್ ಇಡುತ್ತಿದ್ದಂತೆ ಒಂದು ಪೈಲ್ ತಾನಾಗಿಯೇ ಸರ್ರನೆ ಇಳಿದುಬಿಟ್ಟಿತಂತೆ. ತಳದಲ್ಲಿ ಸುಣ್ಣದ ಮರಳು ಇದೆಯಂತೆ. ನಮ್ಮ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ, ಎಷ್ಟು ಗಟ್ಟಿ! ಅಲ್ಲಿ ಯಾಕೆ ಹಾಗೆ? ಅವ್ವ ಹೆದರಿದ್ದಾಳೆ.
– ಒಬ್ಬ ಓದುಗ, ಸೇಡಂ

ಉತ್ತರ: ತಮ್ಮಾ, ಅವ್ವನ ಹೆದರಿಕೆಗೆ ಅರ್ಥವಿದೆ. ಕಲಬುರಗಿಗೆ ಬಂದು ನೆಲೆಸುವ ಮೊದಲು ನಾನೂ ಅಂಥ ಬಾರ್ಜ್ ಮೇಲೆ ಹನ್ನೊಂದು ವರ್ಷ ಪೈಲಿನ ಪೆಟ್ಟು ಎಣಿಸಿ ಬರೆದವನು.

ಆ ಮರಳನ್ನು ಮೊದಲ ಸಲ ಭೂತಗನ್ನಡಿಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಕಾಗಿಣಾ ಹೊಳೆಯ ಮರಳಿನಂತೆ ಕಲ್ಲಿನ ಹರಳಲ್ಲ ಅದು. ಪುಟ್ಟ ಪುಟ್ಟ ಚಿಪ್ಪು, ಹವಳದ ಚೂರು, ಒಳಗೆ ಟೊಳ್ಳಾದ ಸೂಕ್ಷ್ಮಜೀವಿಗಳ ಗೂಡು. ಎರಡು ಹನಿ ಆಸಿಡ್ ಬಿಟ್ಟೆ, ಬುರಬುರ ನೊರೆ ಬಂತು. ಬೆರಳಲ್ಲಿ ತಿಕ್ಕಿದೆ, ಹಿಟ್ಟಾಯಿತು. ಅಂಥ ಮರಳಿನ ಒಂದು ಬೊಗಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಖಾಲಿ ಜಾಗವೇ ಇರುತ್ತದೆ.

ಪಂಚಮಿ ಹಬ್ಬಕ್ಕೆ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಾರಲ್ಲ, ಆಗ ಒಂದು ಕೆಲಸ ಮಾಡು. ಜೋಳ ತುಂಬಿದ ಚೀಲಕ್ಕೆ ಒಂದು ಕೋಲು ಚುಚ್ಚು. ಕಾಳು ಪಕ್ಕಕ್ಕೆ ಸರಿಯುತ್ತವೆ, ಸರಿದು ಕೋಲನ್ನು ಸುತ್ತಲಿಂದ ಅದುಮಿ ಹಿಡಿಯುತ್ತವೆ. ಅದೇ ಕೋಲನ್ನು ಅಳ್ಳಿನ ಚೀಲಕ್ಕೆ ಚುಚ್ಚು. ಅಳ್ಳು ಸರಿಯುವುದಿಲ್ಲ, ನುಚ್ಚಾಗಿ ಅಲ್ಲೇ ಕುಸಿಯುತ್ತದೆ. ಕೋಲಿನ ಸುತ್ತ ಅದುಮುವವರೇ ಇರುವುದಿಲ್ಲ. ಪೈಲ್ ಹೆಚ್ಚಾಗಿ ನಿಲ್ಲುವುದು ಮೈತಿಕ್ಕಾಟದಿಂದ, ಅಂದರೆ ಅದರ ಮೈಗೂ ಮರಳಿಗೂ ನಡುವಿನ ತಿಕ್ಕಾಟದಿಂದ; ತಿಕ್ಕಾಟ ಬೇಕಾದರೆ ಒತ್ತಿ ಹಿಡಿಯುವ ಬಲ ಬೇಕು. ಕಾಳುಗಳ ನಡುವಿನ ತೆಳು ಅಂಟೂ ಹ್ಯಾಮರ್ ಪೆಟ್ಟಿಗೆ ಬಿಟ್ಟುಹೋಗುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಪ್ರಯೋಗಾಲಯದಲ್ಲಿ ಈ ಮರಳು ಬಹಳ ಒಳ್ಳೆಯ ಅಂಕ ಪಡೆಯುತ್ತದೆ, ಘರ್ಷಣೆಯ ಕೋನ (ಕಾಳುಗಳು ಒಂದರ ಮೇಲೊಂದು ಜಾರದಂತೆ ಎಷ್ಟು ತಡೆಯುತ್ತವೆ ಎಂಬ ಅಳತೆ) 40 ಡಿಗ್ರಿ ದಾಟುವುದೂ ಉಂಟು. ಅದನ್ನು ನಂಬಿ ಲೆಕ್ಕ ಹಾಕಿದರೆ ಕೆಟ್ಟಿತು. ಗಟ್ಟಿಯಾಗಿ ಕೂತ ಸಾದಾ ಮರಳಿಗೆ ಚದರ ಮೀಟರಿಗೆ 9-10 ಟನ್ ತನಕ ಮೈತಿಕ್ಕಾಟ ಹಿಡಿಯುತ್ತಿದ್ದೆವು. ಸುಣ್ಣದ ಮರಳಿನಲ್ಲಿ ಬಡಿದ ಪೈಲಿಗೆ 2 ಟನ್ ಹಿಡಿಯುವುದಕ್ಕೂ ಕೈ ನಡುಗುತ್ತಿತ್ತು.

ಜಗತ್ತಿಗೆ ಇದು ಮನದಟ್ಟಾದದ್ದು ಆಸ್ಟ್ರೇಲಿಯಾದ ಪಶ್ಚಿಮ ಕಡಲಿನ ನಾರ್ತ್ ರ‍್ಯಾಂಕಿನ್ ಎಂಬ ಅನಿಲ ತೆಗೆಯುವ ವೇದಿಕೆಯಿಂದ. 1980ರ ದಶಕದ ಮೊದಲಲ್ಲಿ ಅಲ್ಲಿ ಉಕ್ಕಿನ ಪೈಲುಗಳು ಹತ್ತಾರು ಮೀಟರ್ ತಮ್ಮ ಭಾರಕ್ಕೇ ಇಳಿದುಹೋದವು, ಆಮೇಲೆ ಅಡಿಪಾಯ ಗಟ್ಟಿ ಮಾಡಲು ಅಪಾರ ಹಣ ಸುರಿಯಬೇಕಾಯಿತು. ನಮ್ಮವರಿಗೂ ವಿಷಯ ಹೊಸದಲ್ಲ. ಐಐಟಿ ದೆಹಲಿಯವರು ಆ ಹೊತ್ತಿಗಾಗಲೇ ಇಂಥ ಮರಳಿನ ಕಾಳು ಒತ್ತಡಕ್ಕೆ ಹೇಗೆ ಒಡೆಯುತ್ತದೆಂದು ಅಳೆದಿದ್ದರು.

ದಾರಿ ಇದೆ. ಬಡಿಯುವುದನ್ನು ಬಿಟ್ಟು ತೂತು ಕೊರೆದು, ಕೊಳವೆ ಇಳಿಸಿ, ಸಂದಿಗೆ ಸಿಮೆಂಟ್ ಗ್ರೌಟ್ (ತೆಳು ಗಾರೆ) ತುಂಬುವುದು. ಕಾಳು ಅಷ್ಟಾಗಿ ಪುಡಿಯಾಗುವುದಿಲ್ಲ, ಗ್ರೌಟ್ ಒರಟು ಗೋಡೆಗೆ ಕಚ್ಚಿಕೊಳ್ಳುತ್ತದೆ. ಖರ್ಚೂ ಹೆಚ್ಚು, ಹಿಡಿಯುವ ದಿನಗಳೂ ಹೆಚ್ಚು, ಆದರೆ ನನ್ನ ಮತ ಇದಕ್ಕೇ.

ಫರಸಿಯ ಮಾತು: ಅದೂ ಒಂದು ಕಾಲಕ್ಕೆ ಸಮುದ್ರದ ತಳದ ಸುಣ್ಣದ ಕೆಸರೇ. ಕೋಟ್ಯಂತರ ವರ್ಷ ಭಾರದಡಿ ಬಿದ್ದು, ಸಂದಿಯೆಲ್ಲ ಮುಚ್ಚಿ ಕಲ್ಲಾಯಿತು. ನಿನ್ನ ತಮ್ಮನ ಪೈಲಿನ ಕೆಳಗಿನದು ಇನ್ನೂ ಅಳ್ಳು.

ಅವನಿಗೆ ಇವತ್ತೇ ಫೋನ್ ಮಾಡು. ಪೈಲ್ ಜಾರಿದಾಗ ಹ್ಯಾಮರ್ ಜೊತೆಗೇ ಇಳಿಯುತ್ತದೆ, ಕ್ರೇನಿನ ತಂತಿಹಗ್ಗ ಜಗ್ಗಿ ಬೀಸುತ್ತದೆ. ಒಂದು ಪಾಳಿಯಲ್ಲಿ ಹಾಗೆ ಬೀಸಿದ ಹಗ್ಗಕ್ಕೆ ನನ್ನ ಪಕ್ಕದವನ ಮುಂಗೈ ಮುರಿದದ್ದನ್ನು ಕಂಡಿದ್ದೇನೆ. ಹ್ಯಾಮರ್ ಇಡುವಾಗ ಮತ್ತು ಮೊದಲ ಪೆಟ್ಟುಗಳಲ್ಲಿ ಹಗ್ಗದ ಸಾಲಿನಲ್ಲಿ ನಿಲ್ಲಬಾರದು. ಒಂದೊಂದು ಮೀಟರ್ ಇಳಿಯಲು ಬೇಕಾಗುವ ಪೆಟ್ಟಿನ ಎಣಿಕೆ ಒಮ್ಮೆಲೇ ಕಡಿಮೆಯಾದರೆ ಫೋರ್‌ಮನ್ ಹೇಳುವ ತನಕ ಕಾಯದೆ ಹಿಂದಕ್ಕೆ ಸರಿಯಲಿ.