ಅಂಕೋಲೆ–ಕಾರವಾರ ಬಸ್ಸಿನಲ್ಲಿ ಓದಿದ್ದು, ಇನ್ನೂ ಓದಬೇಕಾದ್ದು

ಇತ್ತೀಚೆಗೆ ಏನು ಓದಿದಿರಿ, ಮುಂದೆ ಏನು ಓದಬೇಕೆಂದಿದ್ದೀರಿ, ಮೆಚ್ಚಿನ ಬರಹಗಾರರು ಯಾರು ಅಂತ ಕೇಳಿದ್ದೀರಿ. ಕಾರವಾರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದೇನೆ, ಈ ಕಡೆಯವರ ಪುಸ್ತಕ ಎಲ್ಲಿಂದ ಶುರು ಮಾಡಲಿ ಅಂತಲೂ ಸೇರಿಸಿದ್ದೀರಿ. ಒಂದು, ಎರಡು, ಮೂರು ಅಂತ ಕ್ರಮವಾಗಿ ಹೇಳೋದು ನನ್ನಿಂದ ಆಗದ ಕೆಲಸ. ನೆನಪಾದ ಹಾಗೆ ಹೇಳುತ್ತಾ ಹೋಗುತ್ತೇನೆ.

ನನ್ನ ತವರು ಶಿರಸಿ ಕಡೆ. ಕೊಟ್ಟಿದ್ದು ಅಂಕೋಲೆಗೆ. ಕೆಲಸ ಕಾರವಾರದಲ್ಲಿ. ಹಾಗಾಗಿ ಓದೆಲ್ಲ ಬಸ್ಸಿನಲ್ಲೇ. ಬೆಳಿಗ್ಗೆ ಕಿಟಕಿ ಪಕ್ಕ ಸೀಟು ಸಿಕ್ಕರೆ ಬಿಣಗಾ ಬರುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ. ಸಂಜೆ ನಿಂತೇ ಬರಬೇಕು. ಆಗ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ದಿನಕರ ದೇಸಾಯಿಯವರ ಚೌಪದಿ. ನಾಲ್ಕು ಸಾಲು ಓದು, ಪುಸ್ತಕ ಮುಚ್ಚು, ಮುಂದಿನ ಸ್ಟಾಪಿನಲ್ಲಿ ಮತ್ತೆ ನಾಲ್ಕು ಸಾಲು. ನಿಂತು ಓದೋದಕ್ಕೆ ಅದಕ್ಕಿಂತ ಒಳ್ಳೆ ಪುಸ್ತಕ ನನಗಂತೂ ಸಿಕ್ಕಿಲ್ಲ. ರೈತರ ಪರ ಚಳವಳಿ ಮಾಡಿ ಬ್ರಿಟಿಷರ ಕಾಲದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೇ ಗಡಿಪಾರಾದ ಮನುಷ್ಯ. ಆಮೇಲೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ನಡೆಸಿದರು, 1967ರಲ್ಲಿ ಎಂಪಿಯೂ ಆದರು. ಇಷ್ಟೆಲ್ಲದರ ನಡುವೆ ಕೂತು ಚುಟುಕ ಬರೆದರು. ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಕೆಲವು ಬರೀ ಪ್ರಾಸಕ್ಕಾಗಿ ಹುಟ್ಟಿದವು. ಆದರೆ ರಾಜಕಾರಣಿಗಳ ಮೇಲೆ ಬರೆದವನ್ನು ಇವತ್ತು ಬರೆದದ್ದು ಅಂದರೂ ನಂಬಬೇಕು.

ಇತ್ತೀಚೆಗೆ ಓದಿದವುಗಳಲ್ಲಿ ತಲೆಯಲ್ಲಿ ಜಾಸ್ತಿ ದಿನ ಕೂತಿದ್ದು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’. 2021ರಲ್ಲಿ ಬಂದದ್ದು, ನಾನು ಓದಿದ್ದು ತಡವಾಗಿ. ಬೆಂಗಳೂರಿನಲ್ಲಿ ಒಂದು ಮನೆ, ಗಂಡ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಮಗಳು ಊರಿಗೆ ಹೋದ ಹೊತ್ತಲ್ಲಿ ಇಬ್ಬರು ಹುಡುಗರು ಬಂದು ಬಾಗಿಲು ತಟ್ಟುತ್ತಾರೆ, ಆಕೆ ಎಲ್ಲಿ ಅಂತ ಕೇಳುತ್ತಾರೆ. ಅಲ್ಲಿಂದ ಶುರು. ಕತೆ ಹೇಳುವವನು ಅಪ್ಪನೇ. ತನ್ನನ್ನು ತುಂಬಾ ಉದಾರಿ, ಹೊಸ ಕಾಲದವನು ಅಂದುಕೊಂಡ ಮನುಷ್ಯ. ನೂರು ಪುಟ ಆಗುವ ಹೊತ್ತಿಗೆ ಇವನ ಮಾತು ಎಷ್ಟು ನಂಬಬೇಕು ಅಂತ ಅನುಮಾನ ಬರುತ್ತದೆ. ಓದುತ್ತಾ ಓದುತ್ತಾ ನಮ್ಮ ಆಫೀಸಿನ ಒಬ್ಬರ ಮುಖವೇ ಕಣ್ಣ ಮುಂದೆ ಬಂತು. ಹೆಸರು ಹೇಳೋದಿಲ್ಲ. ಅವರೂ ಇಂಥ ಕಡೆ ಓದುತ್ತಿರುತ್ತಾರೆ.

ಶಾನಭಾಗರು ಅಂಕೋಲೆಯವರೇ. ಎಲ್ಲರಿಗೂ ಗೊತ್ತಿರೋದು ‘ಘಾಚರ್ ಘೋಚರ್’. ಅದರಲ್ಲಿ ಹಳೆಯ ಇಕ್ಕಟ್ಟು ಮನೆಯಲ್ಲಿ ಇರುವೆಗಳ ಜೊತೆ ನಡೆಯುವ ಯುದ್ಧ ಇದೆಯಲ್ಲ, ಕರಾವಳಿಯಲ್ಲಿ ಸಂಸಾರ ಮಾಡಿದವರಿಗೆ ಅದು ಬೇರೆ ರೀತಿಯಲ್ಲೇ ತಾಗುತ್ತದೆ. ಆದರೆ ನೀವು ಈ ಜಿಲ್ಲೆ ನೋಡಬೇಕು ಅಂತಿದ್ದರೆ ಅದಕ್ಕಿಂತ ಮೊದಲು ಅವರ ‘ಒಂದು ಬದಿ ಕಡಲು’ ಓದಿ.

ಬಾನು ಮುಷ್ತಾಕ್ ಅವರ ಕತೆಗಳನ್ನೂ ಓದಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಓದಿದ ಹಾಗೆ. ‘ಎದೆಯ ಹಣತೆ’ ಓದಿದ ದಿನ ಇನ್ನೊಂದು ಕತೆ ಶುರು ಮಾಡಲು ಆಗಲಿಲ್ಲ. ಪ್ರಶಸ್ತಿ ಬಂದ ಮೇಲೆ ಓದೋದು ಒಂಥರಾ ನಾಚಿಕೆ ಅಂತ ಕೆಲವರು ಹೇಳುತ್ತಾರೆ. ನನಗೇನೂ ಹಾಗೆ ಅನಿಸಲಿಲ್ಲ. ಪುಸ್ತಕ ಯಾವ ದಾರಿಯಲ್ಲಿ ಬಂದರೇನು?

ಈಗ ನಿಮ್ಮ ಕಾರವಾರದ ವಿಷಯಕ್ಕೆ ಬರುತ್ತೇನೆ. ಸಂಜೆ ನೀವು ತಿರುಗಾಡಲು ಹೋಗುವ ಬೀಚಿಗೆ ಟಾಗೋರರ ಹೆಸರು ಯಾಕೆ ಅಂತ ಯೋಚಿಸಿದ್ದೀರಾ? ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮ ರವೀಂದ್ರನಾಥರು ಇಲ್ಲಿಗೆ ಬಂದು ಉಳಿದರು. ಆಗ ಇಪ್ಪತ್ತೆರಡರ ಹುಡುಗ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಅವರ ಬಾಲ್ಯ ಯೌವನದ ನೆನಪುಗಳ ಪುಸ್ತಕದಲ್ಲಿ ಕಾರವಾರಕ್ಕೆ ಒಂದು ಸಣ್ಣ ಅಧ್ಯಾಯವೇ ಇದೆ. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗುತ್ತಾರೆ, ಶಿವಾಜಿಯ ಕಾಲದ ಕೋಟೆಯಿರುವ ಗುಡ್ಡದ ಬುಡದಲ್ಲಿ ಇಳಿಯುತ್ತಾರೆ. ವಾಪಸು ಬರುವಾಗ ಅಳಿವೆ ಹತ್ತಿರ ದೋಣಿ ಮುಂದೆ ಸಾಗುವುದು ತಡವಾಗಿ, ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರುತ್ತಾರೆ. ನಾನು ಇದನ್ನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಪುಟ ಎರಡೋ ಮೂರೋ, ಅಷ್ಟೇ. ನೀವು ಕಾಳಿ ಸೇತುವೆ ದಾಟುವಾಗ ಸದಾಶಿವಗಡದ ಕಡೆ ನೋಡುತ್ತೀರಲ್ಲ, ಅದಕ್ಕೆ ಮೊದಲು ಓದಿಕೊಳ್ಳಿ.

ಈ ಜಿಲ್ಲೆಯ ಸಾಹಿತ್ಯದ ಬಗ್ಗೆ ನನಗೆ ಬಹಳ ದಿನದಿಂದ ಒಂದು ಮಾತು ಹೇಳಬೇಕಿತ್ತು. ನಮ್ಮ ದೊಡ್ಡ ಕತೆಗಾರರೆಲ್ಲ ಊರು ಬಿಟ್ಟವರು. ಯಶವಂತ ಚಿತ್ತಾಲರು ಹನೇಹಳ್ಳಿಯವರು, ಬದುಕಿದ್ದು ಮುಂಬಯಿಯಲ್ಲಿ, ತೀರಿಕೊಂಡದ್ದೂ ಅಲ್ಲೇ. ಜಯಂತ ಕಾಯ್ಕಿಣಿ ಗೋಕರ್ಣದವರು, ಔಷಧ ಕಂಪನಿಯ ಕೆಲಸ ಹಿಡಿದು ಮುಂಬಯಿಗೆ ಹೋದರು. ಶಾಂತಿನಾಥ ದೇಸಾಯಿ ಹಳಿಯಾಳದಲ್ಲಿ ಹುಟ್ಟಿ ಊರೂರು ತಿರುಗಿದರು. ಇದು ಸುಮ್ನೆ ಆದದ್ದಲ್ಲ. 1862ರಿಂದ 1956ರವರೆಗೆ ಈ ಜಿಲ್ಲೆ ಇದ್ದದ್ದು ಮುಂಬಯಿ ಆಡಳಿತದಲ್ಲಿ. ಓದು, ಕೋರ್ಟು, ನೌಕರಿ ಎಲ್ಲದಕ್ಕೂ ಮುಖ ಆ ಕಡೆ. ನಮ್ಮ ಮಾವನವರ ತಲೆಮಾರಿನಲ್ಲಿ ಮನೆಗೊಬ್ಬ ಮುಂಬಯಿಯಲ್ಲಿ ಇರುತ್ತಿದ್ದ. ಬೆಂಗಳೂರು ಅವರಿಗೆ ದೂರದ ಊರು.

ಇನ್ನೊಂದು ವಿಶೇಷ. ಚಿತ್ತಾಲ, ಕಾಯ್ಕಿಣಿ, ಶಾನಭಾಗ ಈ ಮೂವರ ಮನೆಮಾತೂ ಕೊಂಕಣಿ. ಬರೆದದ್ದು ಕನ್ನಡ. ಬದುಕಿನ ಸದ್ದು ಮರಾಠಿ, ಹಿಂದಿ, ಇಂಗ್ಲಿಷು. ಆ ಕನ್ನಡಕ್ಕೆ ಬೇರೆಯದೇ ಒಂದು ಹದ ಇದೆ.

ಚಿತ್ತಾಲರನ್ನು ಎಲ್ಲಿಂದ ಶುರು ಮಾಡೋದು? ಎಲ್ಲರೂ ‘ಶಿಕಾರಿ’ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ದೊಡ್ಡ ಕಾದಂಬರಿ, ಅನುಮಾನವೇ ಇಲ್ಲ. ಕಂಪನಿಯಿಂದ ಸಸ್ಪೆಂಡ್ ಆದ ನಾಗಪ್ಪ, ಯಾರು ತನ್ನ ವಿರುದ್ಧ ಏನು ಹೂಡಿದ್ದಾರೆ ಅಂತ ಗೊತ್ತಾಗದೆ ಒಳಗೊಳಗೇ ಬೇಯುವುದು. ಆಫೀಸು ರಾಜಕೀಯ ಕಂಡವರಿಗೆ ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಮೊದಲ ಸಲ ಓದುವವರು ಆ ತಲೆಯೊಳಗಿನ ಓಡಾಟಕ್ಕೆ ಸುಸ್ತಾಗಿ ಪುಸ್ತಕ ಕೆಳಗಿಡುತ್ತಾರೆ. ಹಾಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಸಣ್ಣ ಕತೆಗಳಿಂದ ಹೋಗಿ. ‘ಕತೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಸಿಕ್ಕರೆ ಅದು, ಇಲ್ಲದಿದ್ದರೆ ಸಮಗ್ರ ಕತೆಗಳ ಯಾವ ಪುಟವಾದರೂ ಸರಿ. ಹನೇಹಳ್ಳಿ ಬರುವ ಕತೆಗಳನ್ನು ಹುಡುಕಿ ಓದಿ, ಆಮೇಲೆ ‘ಶಿಕಾರಿ’. ಅವರ ಅಣ್ಣ ಗಂಗಾಧರ ಚಿತ್ತಾಲರು ಕವಿ. ಅವರನ್ನು ಓದುವವರು ಈಗ ಕಡಿಮೆ. ಯಾಕೋ ಗೊತ್ತಿಲ್ಲ.

ನಮ್ಮ ಅತ್ತೆಗೆ ಚಿತ್ತಾಲರ ಕತೆ ಓದಿ ಹೇಳಿದರೆ ಖುಷಿ. ಅತ್ತೆ ಬಹಳ ಓದುತ್ತಿದ್ದವರು, ಈಗ ಕಣ್ಣು ಸಾಲದು. ಅವರ ಪೆಟ್ಟಿಗೆಯಲ್ಲಿ ಒಂದು ನಿಧಿ ಇದೆ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ವಾರ ವಾರ ಕತ್ತರಿಸಿ, ಅಂಚು ಸರಿ ಮಾಡಿ, ಗೋಣಿ ಹೊಲಿಯುವ ದಬ್ಬಣದಲ್ಲಿ ದಾರ ಪೋಣಿಸಿ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಕಟ್ಟಿದ ಪುಸ್ತಕಗಳು. ಕೆಲವು ಪುಟಗಳ ಹಿಂದೆ ಅರ್ಧ ಸೀರೆ ಜಾಹೀರಾತು, ಅರ್ಧ ಪದಬಂಧ. ನಡುವೆ ಒಂದು ವಾರದ ಕಂತು ತಪ್ಪಿದ್ದರೆ ಅಲ್ಲಿ ಖಾಲಿ ಹಾಳೆ ಹಾಕಿ, ಏನಾಗಿರಬಹುದು ಅಂತ ತಾವೇ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದಿಟ್ಟಿದ್ದಾರೆ! ಒಂದೆರಡು ಕಡೆ ಅತ್ತೆಯ ಕತೆ ಮೂಲಕ್ಕಿಂತ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ.

ಚಿತ್ತಾಲರ ಹಳ್ಳಿಯ ಕತೆ ಕೇಳಿ ಅತ್ತೆ ಒಮ್ಮೆ ಹೇಳಿದ್ದು: “ಎಲ್ಲ ಸರಿಯಾಗಿ ಬರೆದಾರೆ. ಆದರೆ ಅವರು ಹೋದ ಮೇಲೆ ಊರಲ್ಲಿ ಏನೂ ಆಗಲೇ ಇಲ್ಲ ಅನ್ನೋ ಹಾಗೆ ಬರೆದಾರೆ.” ಮುಂಬಯಿಯಿಂದ ನೋಡಿದ ಊರಿನಲ್ಲಿ ಕಾಲ ನಿಂತಿರುತ್ತದೆ. ಇಲ್ಲೇ ಉಳಿದ ನಮಗೆ ಊರು ಅಂದರೆ ಹೆದ್ದಾರಿ ಅಗಲ ಆದದ್ದು, ಕೊಂಕಣ ರೈಲು ಬಂದದ್ದು, ನೌಕಾನೆಲೆಗಾಗಿ ಜನ ಎದ್ದು ಹೋದದ್ದು. ಆ ಕತೆಗಳಲ್ಲಿ ಅದನ್ನೆಲ್ಲ ಹುಡುಕಿದರೆ ಸಿಗೋದು ಕಡಿಮೆ. ತಪ್ಪು ಅಂತಲ್ಲ. ಅವರ ಊರು ಅದು, ನಮ್ಮದು ಇದು.

ಕಾಯ್ಕಿಣಿಯವರನ್ನು ಮಾತ್ರ ಎಲ್ಲಿಂದ ಓದಿದರೂ ನಡೆಯುತ್ತದೆ. ನನಗೆ ಅತಿ ಇಷ್ಟದ ಬರಹಗಾರ ಯಾರು ಅಂತ ಒಂದೇ ಹೆಸರು ಕೇಳಿದರೆ ಅವರದ್ದೇ. ಹಾಡು ಬರೆಯುವ ಕಾಯ್ಕಿಣಿ ಗೊತ್ತಿದ್ದವರು ಕತೆಯ ಕಾಯ್ಕಿಣಿ ಓದಿರೋದಿಲ್ಲ, ಇದು ನನ್ನ ದೊಡ್ಡ ದೂರು. ‘ಒಪೆರಾ ಹೌಸ್’ ಅಂತ ಒಂದು ಕತೆ. ಸಿನೆಮಾ ಥಿಯೇಟರಿನ ಕಸ ಗುಡಿಸುವವನಿಗೆ ಸೀಟುಗಳ ನಡುವೆ ಯಾರೋ ಬಿಟ್ಟುಹೋದ ಫ್ಲಾಸ್ಕು ಸಿಗುತ್ತದೆ. ಅಷ್ಟು ಸಣ್ಣ ವಸ್ತುವಿನಿಂದ ಒಂದು ಊರಿನ ಒಂಟಿತನವನ್ನೆಲ್ಲ ಎಳೆದು ತರುತ್ತಾರೆ. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯಲ್ಲಿ ಅಪ್ಪ ಅಮ್ಮ ಇಲ್ಲದ ಇಬ್ಬರು ತಮ್ಮ ಮದುವೆಯ ಕಾಗದದಲ್ಲಿ ಏನು ಬರೆಸೋದು ಅಂತ ಚರ್ಚೆ ಮಾಡುತ್ತಾರೆ. ಬಸ್ಸಿನಲ್ಲಿ ಓದಬೇಡಿ, ಕಂಡಕ್ಟರ್ ನೋಡುತ್ತಾನೆ. ಇದೇ ಹೆಸರಿನ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ, 2018ರದ್ದು, ಬಂತು. ನಿಮಗೆ ಕನ್ನಡೇತರ ಗೆಳೆಯರಿದ್ದರೆ ಅದನ್ನೇ ಕೊಡಿ.

ಅವರ ತಂದೆ ಗೌರೀಶ ಕಾಯ್ಕಿಣಿಯವರು ಮಾತ್ರ ಇಲ್ಲೇ ಉಳಿದವರು. ಹೈಸ್ಕೂಲು ಮಾಸ್ತರಿಕೆ ಮಾಡಿಕೊಂಡು, ಗೋಕರ್ಣದಲ್ಲಿ ಕೂತು, ಲೋಕದ ವಿಚಾರವನ್ನೆಲ್ಲ ಬರೆದರು. ತೀರ್ಥಯಾತ್ರೆಯ ಊರಿನಲ್ಲಿ ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರ ಹೇಳಿಕೊಂಡಿದ್ದ ಮನುಷ್ಯ. ಅವರ ಬರಹ ಬಿಡಿ ಬಿಡಿಯಾಗಿ ಓದಿದ್ದೇನೆ. ಈ ವರ್ಷ ಪೂರ್ತಿ ಕೂತು ಓದುವ ಆಸೆ. ಇಲ್ಲೇ ಉಳಿದವರು ಏನು ಕಂಡರು ಅಂತ ನೋಡುವ ಕುತೂಹಲ ಈಗ ಹೆಚ್ಚಾಗಿದೆ. ನನ್ನ ಮುಂದಿನ ಪಟ್ಟಿಯೆಲ್ಲ ಹಾಗೇ ಇದೆ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿ ಸಂಗ್ರಹಿಸಿದ ಜಾನಪದ ಒಂದು. ಬಡಿಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡಾಗ ಅವರ ಜೊತೆಗೇ ಹೋದ ಹಾಡುಗಳೆಷ್ಟೋ ಅನಿಸಿತು. ಪುಸ್ತಕಕ್ಕೆ ಇಳಿದಿರುವುದನ್ನಾದರೂ ಓದಬೇಕಲ್ಲ.

ಶಿರಸಿಯ ಬಗ್ಗೆ ಓದಬೇಕೆಂದರೆ ಗಿರೀಶ ಕಾರ್ನಾಡರ ಆತ್ಮಕತೆ ‘ಆಡಾಡತ ಆಯುಷ್ಯ’ ತಗೊಳ್ಳಿ. ಅವರ ತಂದೆ ಅಲ್ಲಿ ಡಾಕ್ಟರು. ಬಾಲ್ಯದ ಭಾಗದಲ್ಲಿ ಯಕ್ಷಗಾನ, ನಾಟಕ ಕಂಪನಿ, ಮಲೆನಾಡಿನ ಕತ್ತಲೆ ಎಲ್ಲ ಇದೆ. ಪುಸ್ತಕದ ಮಿಕ್ಕ ಭಾಗಕ್ಕಿಂತ ಅದೇ ನನಗೆ ಇಷ್ಟ. ತವರಿನ ಮೋಹ ಅನ್ನಿ ಬೇಕಾದರೆ.

ಮಳೆಗಾಲಕ್ಕೆ ದಪ್ಪ ಪುಸ್ತಕ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಕಳೆದ ಮಳೆಗಾಲದಲ್ಲಿ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಮುಗಿಸಿದೆ. ಲಿಸ್ಬನ್‌ನಿಂದ ಗೋವೆಗೆ ಬರುವ ಹಡಗಿನ ಭಾಗ ಬಿಟ್ಟೇಳಲು ಆಗುವುದಿಲ್ಲ. ಅದೇ ಗುಂಗಿನಲ್ಲಿ ಈ ಸಲ ಗಜಾನನ ಶರ್ಮರ ‘ಚೆನ್ನಭೈರಾದೇವಿ’. ಗೇರುಸೊಪ್ಪೆಯ ರಾಣಿ, ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದವಳು. ಮಿರ್ಜಾನಿನ ಕೋಟೆ ನೋಡಿ ಬಂದು ಓದಬೇಕೋ, ಓದಿ ಹೋಗಬೇಕೋ ಅಂತ ಮನೆಯಲ್ಲಿ ಜಗಳ ನಡೆದಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತೊಮ್ಮೆ ಓದಲು ಎತ್ತಿಟ್ಟಿದ್ದೇನೆ. ಅದಕ್ಕೆ ಜಡಿಮಳೆಯೇ ಬೇಕು.

ಮಳೆ ಅಂದಾಗ ನೆನಪಾಯಿತು. ನೀವು ಬಯಲುಸೀಮೆ ಕಡೆಯವರಾಗಿದ್ದರೆ ಪುಸ್ತಕದ ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ ಮಾರಾಯ್ರೇ. ಜೂನ್ ಬಂತು ಅಂದರೆ ಬೂಷ್ಟು ಹಿಡಿಯುತ್ತದೆ, ಒರಲೆ ಬೇರೆ. ಕಪಾಟಿನೊಳಗೆ ಒಂದು ಹಳೇ ಮಾದರಿಯ ಬಲ್ಬು ಉರಿಸಿಡಿ, ಎಲ್‌ಇಡಿ ಅಲ್ಲ, ಅದರಲ್ಲಿ ಬಿಸಿ ಇಲ್ಲ. ಪುಸ್ತಕಕ್ಕೆ ತಾಗದ ಹಾಗೆ ದೂರ ಇರಲಿ. ಗೋಡೆಗೆ ಒತ್ತಿ ಜೋಡಿಸಬೇಡಿ.

ಕೊನೆಗೆ ನನ್ನದೂ ಒಂದು ಕೇಳಿಕೆ. ಹೊನ್ನಾವರ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದರು. ದುಡ್ಡು ತಗೊಂಡು ಹೆಣ್ಣು ಕೊಡುವ ಪದ್ಧತಿಯನ್ನು ಗೇಲಿ ಮಾಡಿದ ನಾಟಕ. ನಮ್ಮ ಹವ್ಯಕರ ಆಡುಮಾತೂ ಅದರಲ್ಲಿದೆ. ಬೇರೆಯವರ ಲೇಖನಗಳಲ್ಲಿ ಅದರ ಬಗ್ಗೆ ಬೇಕಾದಷ್ಟು ಓದಿದ್ದೇನೆ, ನಾಟಕವೇ ಕೈಗೆ ಸಿಕ್ಕಿಲ್ಲ. ಕಾರವಾರದ ಗ್ರಂಥಾಲಯಕ್ಕೆ ನೀವು ಸದಸ್ಯರಾದರೆ ಕಪಾಟಿನ ಕೆಳಗಿನ ಸಾಲಿನಲ್ಲಿ ಒಮ್ಮೆ ಹುಡುಕಿ. ಸಿಕ್ಕರೆ ಇಲ್ಲೇ ತಿಳಿಸಿ. ಬದಲಿಗೆ ‘ಒಂದು ಬದಿ ಕಡಲು’ ನನ್ನ ಪ್ರತಿ ನಿಮಗೆ ಓದಲು ಕೊಡುತ್ತೇನೆ, ವಾಪಸು ಕೊಡುವ ಕರಾರಿನ ಮೇಲೆ.