ಗೋರಿಕಲ್ಲು ಬೇರೆ, ಚೌಕದ ಪ್ರತಿಮೆ ಬೇರೆ

ಓದುಗರ ಪತ್ರ: ಸಂಪಾದಕರೆ, ನಾವಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಇಲ್ಲಿನ ‘ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್’ ಸಂಘದವರು ಪ್ರತಿ ಏಪ್ರಿಲ್‌ನಲ್ಲಿ 1861–65ರ ಅಂತರ್ಯುದ್ಧದಲ್ಲಿ ಕಾನ್ಫೆಡರೇಟ್ ಕಡೆ, ಅಂದರೆ ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಕಡೆ, ಹೋರಾಡಿದ ಸೈನಿಕರ ಗೋರಿಗಳನ್ನು ತೊಳೆದು, ಬಾವುಟ ನೆಟ್ಟು, ಸತ್ತವರ ಹೆಸರು ಓದುತ್ತಾರೆ. ಬ್ಲೀಚ್ ಹಾಕಿ ಉಜ್ಜಿದರೆ ಕಲ್ಲು ಫಳಫಳ ಹೊಳೆಯುತ್ತದೆ. ಈ ಸಲ ನಮ್ಮ ಹುಡುಗನನ್ನೂ ಕರೆದಿದ್ದಾರೆ. ಆ ಸೈನಿಕರ ಪ್ರತಿಮೆಗಳನ್ನು ಊರ ಚೌಕಗಳಿಂದ ತೆಗೆದದ್ದು ಸರಿ ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ನನಗೆ ಒಪ್ಪಿಗೆಯಾಗಲಿಲ್ಲ. ಹಿರಿಯರನ್ನು ನೆನೆಯುವುದರಲ್ಲಿ ತಪ್ಪೇನಿದೆ? ನಮ್ಮಲ್ಲೂ ವೀರಗಲ್ಲುಗಳಿಲ್ಲವೆ? ಹುಡುಗನನ್ನು ಕಳಿಸಲೇ, ಬೇಡವೇ? ಸಮಾರಂಭದ ಫೋಟೊ ಕಳಿಸಿದರೆ ಹಾಕುತ್ತೀರಾ?

ಸಂಪಾದಕರ ಉತ್ತರ:

ಹುಡುಗನನ್ನು ಕಳಿಸಿ. ಬ್ಲೀಚ್ ಮಾತ್ರ ಬೇಡವೆಂದು ಮೊದಲೇ ಹೇಳಿಬಿಡಿ.

ಆ ಕಾಲದ ಗೋರಿಕಲ್ಲುಗಳಲ್ಲಿ ಹೆಚ್ಚಿನವು ಅಮೃತಶಿಲೆಯವು. ನೂರು ವರ್ಷದ ಮಳೆಗೆ ಅದರ ಹರಳುಗಳ ನಡುವಿನ ಬಿಗಿ ಸಡಿಲಾಗಿ, ಬೆರಳಾಡಿಸಿದರೆ ಮೇಲ್ಮೈ ಸಕ್ಕರೆಯ ಹಾಗೆ ಉದುರುತ್ತದೆ. ಬ್ಲೀಚಿನಲ್ಲಿರುವ ಉಪ್ಪು ಸಣ್ಣ ರಂಧ್ರಗಳಿಗೆ ಇಳಿದು, ನೀರು ಆರಿದ ಮೇಲೆ ಹರಳುಗಟ್ಟಿ, ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಇವತ್ತಿನ ಫಳಫಳ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ತಂತಿ ಬ್ರಶ್ಶಿನಿಂದ ಉದುರಿದ ಕಬ್ಬಿಣದ ಚೂರು ಕಲ್ಲಿನಲ್ಲೇ ಉಳಿದು ತುಕ್ಕಿನ ಕಲೆಯಾಗುತ್ತದೆ. ಪ್ರೆಷರ್ ವಾಷರ್ ಅಕ್ಷರದ ಅಂಚುಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಆಸಿಡ್‌ನ ಮಾತೇ ಬೇಡ, ಅಮೃತಶಿಲೆ ಅದರಲ್ಲಿ ಕರಗುತ್ತದೆ.

ಕೆಲಸ ಹೀಗೆ ನಡೆಯಬೇಕು. ಕಲ್ಲು ಬಿರುಕು ಬಿಟ್ಟಿದ್ದರೆ, ಪದರ ಏಳುತ್ತಿದ್ದರೆ, ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮುಟ್ಟಬಾರದು. ಗಟ್ಟಿಯಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಪಾಚಿ, ಕಲ್ಲುಹೂವು ಇದ್ದಲ್ಲಿ ಡಿ/2 ಎಂಬ ದ್ರಾವಣ ಸಿಂಪಡಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕೇಂದ್ರ ಸರ್ಕಾರದ ಸೈನಿಕ ಸ್ಮಶಾನಗಳಲ್ಲೂ ಇದನ್ನು ಬಳಸುತ್ತಾರೆ. ಆಮೇಲೆ ಮೆತ್ತನೆಯ ನೈಲಾನ್ ಬ್ರಶ್ಶಿನಿಂದ ಬುಡದಿಂದ ಮೇಲಕ್ಕೆ ಉಜ್ಜುತ್ತಾ ಬರಬೇಕು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಕೆಳಗಿನ ಇನ್ನೂ ಉಜ್ಜದ ಭಾಗಕ್ಕೆ ಹರಿದು ಗೆರೆ ಬೀಳುತ್ತದೆ, ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ. ಕೊನೆಗೆ ಧಾರಾಳ ನೀರು ಸುರಿಯಬೇಕು. ಅವತ್ತೇ ಬೆಳ್ಳಗಾಗಬೇಕೆಂಬ ಹಟ ಬೇಡ. ದ್ರಾವಣ ವಾರಗಟ್ಟಲೆ ಒಳಗೆ ಕೆಲಸ ಮಾಡುತ್ತಿರುತ್ತದೆ. ಪ್ರತಿ ವರ್ಷ ಉಜ್ಜುವುದಂತೂ ಕಲ್ಲನ್ನು ಸವೆಸುವ ಹಾದಿ. ಪಾಚಿ ಮತ್ತೆ ಕಾಣಿಸಿದಾಗ ಮಾಡಿದರೆ ಸಾಕು.

ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದು ಹುಡುಗರ ಕೆಲಸವಲ್ಲ. ಸರ್ಕಾರ ಕೊಡುವ ನಿಲುಗಲ್ಲು 42 ಅಂಗುಲ ಉದ್ದ, 13 ಅಂಗುಲ ಅಗಲ, 4 ಅಂಗುಲ ದಪ್ಪ. ತೂಕ ಸುಮಾರು 230 ಪೌಂಡ್, ಅಂದರೆ ನೂರು ಕಿಲೋ ದಾಟುತ್ತದೆ. ಕಾನ್ಫೆಡರೇಟ್ ಸೈನಿಕನದಾದರೆ ತುದಿ ಚೂಪಾಗಿರುತ್ತದೆ. ‘ಉತ್ತರದವರು ಅದರ ಮೇಲೆ ಕೂರದಿರಲಿ ಅಂತ ಚೂಪು ಮಾಡಿದ್ದು’ ಎಂದು ಅಲ್ಲಿ ಹೇಳುವುದು ಕಟ್ಟುಕಥೆ, ಹುಡುಗ ನಂಬದಿರಲಿ. ಕಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲದೊಳಗೆ ಇರಬೇಕು. ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ ದಮ್ಮಸ್ಸು ಮಾಡಿ, ರಸಮಟ್ಟ ಹಿಡಿದು ನಿಲ್ಲಿಸಿ, ಸುತ್ತ ಮರಳು ಮತ್ತು ಜಲ್ಲಿಯನ್ನು ಪದರಪದರವಾಗಿ ಬಡಿಯಬೇಕು. ಕಾಂಕ್ರೀಟ್ ಸುರಿಯಬಾರದು. ಕಾಂಕ್ರೀಟು ಅಲುಗಾಡಲು ಬಿಡುವುದಿಲ್ಲ, ಹಾಗಾಗಿ ಮಣ್ಣು ಸರಿದಾಗ ಕಲ್ಲು ನೆಲಮಟ್ಟದಲ್ಲೇ ಮುರಿಯುತ್ತದೆ. ಇನ್ನು ಹುಲ್ಲು ಕತ್ತರಿಸುವ ಯಂತ್ರದ ದಾರ. ಬುಡದಲ್ಲಿ ಅದು ಮಾಡುವ ಗಾಯವನ್ನು ಯಾವ ದ್ರಾವಣವೂ ವಾಸಿಮಾಡದು.

ಇಷ್ಟು ಶ್ರದ್ಧೆಯಿಂದ ಯಾರಾದರೂ ಗೋರಿ ನೋಡಿಕೊಂಡರೆ ಅವರಿಗೆ ನನ್ನ ನಮಸ್ಕಾರ. ಅದಕ್ಕೊಂದು ಹಿನ್ನೆಲೆಯೂ ಇದೆ. ಯುದ್ಧ ಮುಗಿದ ಮೇಲೆ ಕೇಂದ್ರ ಸರ್ಕಾರ ತನ್ನ ಕಡೆಯ ಮೂರು ಲಕ್ಷದಷ್ಟು ಹೆಣಗಳನ್ನು ಹುಡುಕಿ ರಾಷ್ಟ್ರೀಯ ಸ್ಮಶಾನಗಳಲ್ಲಿ ಮಣ್ಣು ಮಾಡಿತು, ದಕ್ಷಿಣದವರನ್ನು ಬಿಟ್ಟಿತು. ಆಗ ಊರೂರಿನ ಹೆಂಗಸರು ಸಂಘ ಕಟ್ಟಿಕೊಂಡು ಚಂದಾ ಎತ್ತಿದರು. ನಿಮ್ಮ ರಾಜ್ಯದ ಕೊಲಂಬಸ್ ಊರಿನ ಹೆಂಗಸರ ಕರೆಯಿಂದಲೇ 1866ರ ಏಪ್ರಿಲ್ 26 ಸ್ಮರಣೆಯ ದಿನವಾಯಿತು. ಗೆಟಿಸ್‌ಬರ್ಗ್ ರಣಭೂಮಿಯ ಹೊಲಗಳಲ್ಲಿ ಉಳಿದಿದ್ದ ದಕ್ಷಿಣದ ಸೈನಿಕರನ್ನು ರೂಫಸ್ ವೀವರ್ ಎಂಬ ವೈದ್ಯ ಅಗೆದು ತೆಗೆದು, 1872–73ರಲ್ಲಿ 2,935 ಜನರ ಮೂಳೆಗಳನ್ನು ಕಾನ್ಫೆಡರೇಟ್ ರಾಜಧಾನಿಯಾಗಿದ್ದ ರಿಚ್ಮಂಡ್‌ನ ಹಾಲಿವುಡ್ ಸ್ಮಶಾನಕ್ಕೆ ಕಳಿಸಿದ. ಅವನಿಗೆ ಬರಬೇಕಾದ ಹಣ ಪೂರ್ತಿ ಬರಲೇ ಇಲ್ಲ. ಮಗನನ್ನು ಕಳಕೊಂಡ ತಾಯಿಯ ದುಃಖಕ್ಕೆ ಪಕ್ಷವಿಲ್ಲ. ಇಷ್ಟನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ನಿಮ್ಮೂರಿನ ಸಂಘ ಆ ತಾಯಂದಿರದಲ್ಲ. ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್ ಹುಟ್ಟಿದ್ದು 1896ರಲ್ಲಿ, ರಿಚ್ಮಂಡ್‌ನಲ್ಲಿ. ಅದರ ಸೋದರಿ ಸಂಸ್ಥೆ ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ 1894ರಲ್ಲಿ, ನ್ಯಾಶ್‌ವಿಲ್‌ನಲ್ಲಿ. 1906ರಲ್ಲಿ ಜನರಲ್ ಸ್ಟೀಫನ್ ಡಿ. ಲೀ ಹೇಳಿದ ಮಾತನ್ನು ಈ ‘ಸನ್ಸ್’ ಇಂದಿಗೂ ತಮ್ಮ ದೀಕ್ಷಾವಾಕ್ಯವೆಂದು ಓದುತ್ತಾರೆ: ನಾವು ಯಾವ ಧ್ಯೇಯಕ್ಕಾಗಿ ಹೋರಾಡಿದೆವೋ ಅದನ್ನು ಸಮರ್ಥಿಸುವ ಹೊಣೆ ನಿಮ್ಮದು, ಎಂದು. ಗೋರಿ ತೊಳೆಯಿರಿ ಎಂದಷ್ಟೇ ಅಲ್ಲ, ಧ್ಯೇಯವನ್ನು ಸಮರ್ಥಿಸಿ ಎಂದು. ಆ ಧ್ಯೇಯ ಯಾವುದೆಂದು ಊಹಿಸಬೇಕಾಗಿಲ್ಲ, ಒಕ್ಕೂಟ ಬಿಟ್ಟ ಹಲವು ರಾಜ್ಯಗಳು 1860–61ರಲ್ಲಿ ತಾವೇ ಬರೆದಿಟ್ಟಿವೆ. ತನ್ನ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಎಂದು ಮಿಸಿಸಿಪ್ಪಿಯ ಘೋಷಣೆ ಆರಂಭದಲ್ಲೇ ಹೇಳುತ್ತದೆ. ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬುದೇ ಹೊಸ ಸರ್ಕಾರದ ಅಡಿಗಲ್ಲು ಎಂದು ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ನಿಮ್ಮದೇ ರಾಜ್ಯದ ಸವಾನ್ನಾದಲ್ಲಿ ತುಂಬಿದ ಸಭೆಗೆ ಹೇಳಿದ.

ದಯವಿಟ್ಟು ಕಲ್ಲಿನ ತಾರೀಖು ನೋಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ. 1866ರ ಆಸುಪಾಸಿನ ಸ್ಮಾರಕಗಳು ಹೆಚ್ಚಾಗಿ ಸ್ಮಶಾನದೊಳಗಿವೆ. ಕೋರ್ಟಿನ ಮುಂದೆ ಬಂದೂಕು ಹಿಡಿದು ನಿಂತಿರುವ ಸೈನಿಕ ಹೆಚ್ಚಾಗಿ 1900ರಿಂದ 1920ರ ನಡುವಿನವನು. ಯುದ್ಧ ಮುಗಿದು ಆಗಲೇ ನಲವತ್ತು ಐವತ್ತು ವರ್ಷ. ದಕ್ಷಿಣದ ರಾಜ್ಯಗಳು ಹೊಸ ಸಂವಿಧಾನ ಬರೆದು ಕರಿಯರ ಮತದ ಹಕ್ಕನ್ನು ಕಿತ್ತುಕೊಂಡ ಕಾಲ ಅದು. ಆ ಮತಕ್ಕಾಗಿ, ನ್ಯಾಯಕ್ಕಾಗಿ ಕರಿಯನೊಬ್ಬ ಹತ್ತಬೇಕಾದ ಮೆಟ್ಟಿಲ ಎದುರಿಗೇ ಆ ಸೈನಿಕನನ್ನು ನಿಲ್ಲಿಸಿದರು.

ಆ ಪ್ರತಿಮೆಗಳೆಲ್ಲ ದಕ್ಷಿಣದ ಶಿಲ್ಪಿಯ ಕಣ್ಣೀರಿನಿಂದ ಬಂದವೂ ಅಲ್ಲ. ಉತ್ತರದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಜ್ ಕಂಪನಿ ಕ್ಯಾಟಲಾಗ್ ಅಚ್ಚು ಹಾಕಿ ಎರಡೂ ಕಡೆಗೆ ಸೈನಿಕರನ್ನು ಮಾರಿತು. ಆಳೆತ್ತರದವನಿಗೆ 450 ಡಾಲರ್. ಬೆಲ್ಟಿನ ಬಕಲ್ ಮೇಲೆ ಯಾವ ಕಡೆಯ ಅಕ್ಷರ ಬೇಕೋ ಅದು. ಕಂಪನಿ ‘ವೈಟ್ ಬ್ರಾಂಜ್’ ಎಂದು ಕರೆದರೂ ಅದು ಕಂಚಲ್ಲ, ಸತು. ತೆಳುವಾಗಿ ಎರಕ ಹೊಯ್ದು ತುಂಡುಗಳನ್ನು ಬೆಸೆದಿದ್ದರಿಂದ ಅದು ವರ್ಷಗಳುರುಳಿದಂತೆ ತನ್ನ ಭಾರಕ್ಕೇ ಕುಸಿಯುತ್ತದೆ, ಪೀಠದ ಕೆಳಭಾಗ ಉಬ್ಬಿ ಬೆಸುಗೆ ಬಿಡುತ್ತದೆ. ಒಳಗೆ ಕಾಂಕ್ರೀಟ್ ತುಂಬಿದ ಕಡೆಗಳಲ್ಲಿ ಬಿರುಕು ಇನ್ನೂ ಬೆಳೆದಿದೆ. ಸ್ಟೇನ್‌ಲೆಸ್ ಸ್ಟೀಲಿನ ಚೌಕಟ್ಟು ಕೂರಿಸುವುದೇ ಸರಿಯಾದ ದುರಸ್ತಿ. ನಿಮ್ಮ ರಾಜ್ಯದ ಮರಿಯೆಟ್ಟಾದ ಮ್ಯಾಕ್ನೀಲ್ ಕಂಪನಿಯೂ ಇದೇ ವ್ಯಾಪಾರ ಮಾಡಿತು, ಹೆಂಗಸರ ಸಂಘಗಳಿಗೆ ಕಂತಿನ ಮೇಲೂ ಕೊಟ್ಟಿತು. 1924ರಲ್ಲಿ ನಾರ್ತ್ ಕರೊಲಿನಾದ ಡರಮ್‌ನಲ್ಲಿ ನಿಲ್ಲಿಸಿದ್ದ ಸೈನಿಕನನ್ನು 2017ರ ಆಗಸ್ಟ್‌ನಲ್ಲಿ ಜನ ಪಟ್ಟಿ ಕಟ್ಟಿ ಎಳೆದಾಗ ನೆಲಕ್ಕೆ ಬಿದ್ದವನು ಮಡಚಿಕೊಂಡು ಹೋದ. ಒಳಗೆ ಟೊಳ್ಳು.

ಪ್ರತಿಮೆ ಅನಾವರಣದ ಭಾಷಣಗಳನ್ನೂ ಓದಬೇಕು. ನಾರ್ತ್ ಕರೊಲಿನಾದ ಚಾಪಲ್ ಹಿಲ್ ವಿಶ್ವವಿದ್ಯಾಲಯದ ಪ್ರತಿಮೆಯನ್ನು 1913ರಲ್ಲಿ ತೆರೆದಾಗ ಉದ್ಯಮಿ ಜೂಲಿಯನ್ ಕಾರ್ ಮಾತಾಡಿದ. ತಾನು ಯುದ್ಧದಿಂದ ಮರಳಿದ ಹೊಸತರಲ್ಲಿ, ಇಲ್ಲಿಂದ ನೂರು ಗಜ ದೂರದಲ್ಲಿ, ಒಬ್ಬ ಕರಿಯ ಹೆಂಗಸನ್ನು ಬಟ್ಟೆ ಚಿಂದಿಯಾಗುವ ತನಕ ಕುದುರೆ ಚಾಟಿಯಲ್ಲಿ ಹೊಡೆದೆ ಎಂದು ಆ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡ. ಹಿರಿಯರನ್ನು ನೆನೆಯುವುದರಲ್ಲಿ ತಪ್ಪೇನು ಎಂದಿರಲ್ಲ, ಅವತ್ತು ನೆನೆದದ್ದು ಇದನ್ನು.

ನಮ್ಮ ವೀರಗಲ್ಲಿನ ಜೊತೆ ಇದನ್ನು ಸೇರಿಸಿದ್ದು ನನಗೆ ನೋವಾಯಿತು. ನಿಮ್ಮಂಥ ಬಲ್ಲವರು ಹಾಗೆ ಬರೆಯಬಾರದಿತ್ತು. ವೀರಗಲ್ಲು ಒಬ್ಬ ವ್ಯಕ್ತಿಯ ಸಾವನ್ನು ಹೇಳುತ್ತದೆ. ಬೇಗೂರಿನ ಶಾಸನ ‘ಬೆಂಗಳೂರ ಕಾಳಗ’ದಲ್ಲಿ ಬಿದ್ದವನದು. ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಹೆಸರಿದೆ. ಕೋರ್ಟಿನ ಮುಂದಿನ ಸೈನಿಕನಿಗೆ ಹೆಸರೇ ಇಲ್ಲ, ಅವನು ನಿಂತಿರುವುದು ಒಂದು ಧ್ಯೇಯದ ಪರವಾಗಿ. (ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚುವ ನಮ್ಮೂರಿನ ಭಕ್ತರಿಗೂ ಮೇಲಿನ ಬ್ರಶ್ಶು, ನೀರಿನ ಪಾಠ ಬೇಕಾಗಿದೆ. ಅದಕ್ಕೆ ಬೇರೆಯೇ ಲೇಖನ ಬೇಕು.)

ನಿಮಗೆ ನಿಜವಾಗಿ ಪರಿಚಯ ಮಾಡಿಸಬೇಕಾದ ಹಿರಿಯ ಬೇರೊಬ್ಬನಿದ್ದಾನೆ. ಜಾನ್ ಮಿಚೆಲ್ ಜೂನಿಯರ್, ಗುಲಾಮಗಿರಿಯಲ್ಲಿ ಹುಟ್ಟಿ ‘ರಿಚ್ಮಂಡ್ ಪ್ಲಾನೆಟ್’ ಪತ್ರಿಕೆಯ ಸಂಪಾದಕನಾದವನು, ಆ ನಗರಸಭೆಯ ಸದಸ್ಯ. 1890ರ ಮೇ 29ರಂದು ರಿಚ್ಮಂಡ್‌ನಲ್ಲಿ ಕಾನ್ಫೆಡರೇಟ್ ಸೇನಾನಿ ಜನರಲ್ ರಾಬರ್ಟ್ ಲೀಯ ಭಾರಿ ಪ್ರತಿಮೆ ಎದ್ದಾಗ ನಗರಸಭೆಯ ಹಣ ಅದಕ್ಕೆ ಹೋಗಬಾರದೆಂದು ವಿರೋಧಿಸಿದ್ದವನು. ಲೀ ಸ್ಮಾರಕವನ್ನು ನಿಲ್ಲಿಸಿದ್ದು ಕರಿಯನ ಕೈ, ಕಾಲ ಬಂದರೆ ಅದನ್ನು ಇಳಿಸಲಿಕ್ಕೂ ಅವನೇ ಇರುತ್ತಾನೆ ಎಂದು ಜೂನ್‌ನಲ್ಲಿ ತನ್ನ ಪತ್ರಿಕೆಯಲ್ಲಿ ಬರೆದ. 2021ರ ಸೆಪ್ಟೆಂಬರ್ 8ರಂದು ಸುಮಾರು 12 ಟನ್ನಿನ ಆ ಪ್ರತಿಮೆಯನ್ನು ಕ್ರೇನಿನಲ್ಲಿ ಇಳಿಸಿ, ರಸ್ತೆಯಲ್ಲಿ ಸಾಗಿಸಲು ಸೊಂಟದಲ್ಲಿ ಕತ್ತರಿಸಿ ಎರಡು ಮಾಡಿದ ಗುತ್ತಿಗೆದಾರ ಡೆವನ್ ಹೆನ್ರಿ ಕರಿಯ.

ಆ ಮಿಚೆಲ್ ಮಲಗಿರುವುದು ರಿಚ್ಮಂಡ್‌ನ ಎವರ್‌ಗ್ರೀನ್ ಸ್ಮಶಾನದಲ್ಲಿ. ಪಕ್ಕದಲ್ಲೇ ಈಸ್ಟ್ ಎಂಡ್ ಸ್ಮಶಾನ. ಎರಡೂ ಕರಿಯರವು. ದಶಕಗಳ ಕಾಲ ಬಳ್ಳಿ, ಮರ, ಯಾರ‍್ಯಾರೋ ತಂದು ಸುರಿದ ಕಸದ ಕೆಳಗೆ ಹೂತುಹೋಗಿದ್ದವು. ಅತ್ತ ವರ್ಜೀನಿಯಾ ರಾಜ್ಯ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಕಾನ್ಫೆಡರೇಟ್ ಗೋರಿಗಳ ಆರೈಕೆಗೆ ಬೊಕ್ಕಸದಿಂದ ಹಣ ಕೊಡುತ್ತಾ ಬಂತು. ಗೋರಿಯೊಂದಕ್ಕೆ ವರ್ಷಕ್ಕೆ 5 ಡಾಲರ್ ಲೆಕ್ಕದಲ್ಲಿ ಅದೇ ನೆರವು ಈ ಎರಡು ಸ್ಮಶಾನಗಳಿಗೂ ಸಿಗಲಿ ಎಂಬ ಕಾನೂನು ಬಂದದ್ದು 2017ರಲ್ಲಿ. ಅಷ್ಟರವರೆಗೆ ಬಳ್ಳಿ ಕಡಿದು, ಮಣ್ಣಿನಡಿ ಬಿದ್ದ ಕಲ್ಲುಗಳನ್ನು ಹುಡುಕಿ, ಒಂದೊಂದೇ ಹೆಸರು ಬರೆದುಕೊಂಡವರು ಸ್ವಯಂಸೇವಕರು. ಗೋರಿಯ ಆರೈಕೆ ಎಂದರೆ ನನ್ನ ಮನಸ್ಸಿಗೆ ಬರುವುದು ಇವರು.

ಇನ್ನೊಂದು. ಸ್ಮರಣೆಯ ದಿನದ ಹುಟ್ಟನ್ನು ಹಲವರು 1866ಕ್ಕೆ ಹೇಳುತ್ತಾರೆ. ಅದಕ್ಕೂ ಮುಂಚೆ, 1865ರ ಮೇ 1ರಂದು, ಸೌತ್ ಕರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಆಗಷ್ಟೇ ಬಿಡುಗಡೆಯಾಗಿದ್ದ ಗುಲಾಮರು ಹೂ ಹಿಡಿದು ಮೆರವಣಿಗೆ ಬಂದರು. ರೇಸ್‌ಕೋರ್ಸಿನಲ್ಲಿ ಕೂಡಿಹಾಕಿದ್ದ 257 ಯೂನಿಯನ್ (ಉತ್ತರದ ಸೇನೆಯ) ಕೈದಿಗಳು ಸತ್ತು ಒಂದೇ ಗುಂಡಿಗೆ ಬಿದ್ದಿದ್ದರು. ಕರಿಯ ಕೆಲಸಗಾರರು ಅವರನ್ನು ಒಬ್ಬೊಬ್ಬರನ್ನಾಗಿ ಮತ್ತೆ ಮಣ್ಣು ಮಾಡಿ, ಬೇಲಿ ಕಟ್ಟಿ ಸುಣ್ಣ ಹೊಡೆದಿದ್ದರು. ಸೇರಿದವರು ಸುಮಾರು ಹತ್ತು ಸಾವಿರ. ಶವಗಳನ್ನು ಆಮೇಲೆ ಅದೇ ರಾಜ್ಯದ ಬ್ಯೂಫರ್ಟ್‌ಗೆ ಸಾಗಿಸಿದರು. ಈಗ ಅಲ್ಲಿರುವ ಉದ್ಯಾನಕ್ಕೆ ಕಾನ್ಫೆಡರೇಟ್ ಜನರಲ್ ವೇಡ್ ಹ್ಯಾಂಪ್ಟನ್‌ನ ಹೆಸರು.

ಇದು ತಾನಾಗಿ ಮರೆತುಹೋದದ್ದಲ್ಲ. ನಿಮ್ಮ ರಾಜ್ಯದ ಅಥೆನ್ಸ್ ಊರಿನ ಮಿಲ್ಡ್ರೆಡ್ ರದರ್‌ಫರ್ಡ್, ‘ಡಾಟರ್ಸ್’ ಸಂಸ್ಥೆಯ ಇತಿಹಾಸಕಾರ್ತಿಯಾಗಿದ್ದವಳು, 1920ರ ಹೊತ್ತಿಗೆ ಶಾಲೆಗಳಿಗೂ ಗ್ರಂಥಾಲಯಗಳಿಗೂ ಒಂದು ಕಿರುಹೊತ್ತಿಗೆ ಹಂಚಿದಳು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಎನ್ನುವ ಪಠ್ಯಪುಸ್ತಕವನ್ನು ತಿರಸ್ಕರಿಸಿ, ಅಂಥದ್ದು ಗ್ರಂಥಾಲಯದಲ್ಲಿ ಮೊದಲೇ ಇದ್ದರೆ ‘ದಕ್ಷಿಣಕ್ಕೆ ಅನ್ಯಾಯ ಮಾಡಿದ್ದು’ ಎಂದು ಮುಖಪುಟದಲ್ಲಿ ಬರೆಯಿರಿ ಎಂಬ ಸೂಚನೆ ಅದರಲ್ಲಿತ್ತು. ಆ ಪಠ್ಯಗಳನ್ನೋದಿ ಬೆಳೆದ ತಲೆಮಾರುಗಳೇ ಇವತ್ತು ‘ಇದು ಬರೀ ಪರಂಪರೆ’ ಎನ್ನುವುದು. ನಾವು ಅಲ್ಲಿಗೆ ನೌಕರಿಗೆ ಹೋಗಿ, ನೆರೆಯವರ ಸಜ್ಜನಿಕೆಗೆ ಮನಸೋತು, ಅವರು ಹೇಳಿದ ಚರಿತ್ರೆಯನ್ನೂ ಅದರ ಜೊತೆಗೇ ತಂದುಕೊಳ್ಳುತ್ತೇವೆ. ನಮ್ಮವರು ಅಲ್ಲಿ ನೆಲೆಯೂರಲು ದಾರಿಯಾದದ್ದು 1965ರ ವಲಸೆ ಕಾನೂನು. ಕರಿಯರು ಬೀದಿಗಿಳಿದು ಹೋರಾಡಿ ಗಳಿಸಿದ ನಾಗರಿಕ ಹಕ್ಕುಗಳ ಕಾಲದ ಕಾನೂನು ಅದು. ಆ ಋಣ ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಒಂದು ಸಾಲಾಗಿಯೂ ಕಾಣುವುದು ಅಪರೂಪ ಎಂಬುದು ನನ್ನ ಬಹಳ ದಿನದ ದೂರು.

ನಿಮ್ಮೂರಿನ ಸಂಘದವರು ‘ಕರಿಯರೂ ನಮ್ಮ ಸೇನೆಯಲ್ಲಿ ಸ್ವಂತ ಇಚ್ಛೆಯಿಂದ ಹೋರಾಡಿದರು’ ಎಂದು ಹುಡುಗನಿಗೆ ಹೇಳಬಹುದು. ಕರಿಯರನ್ನು ಸೈನಿಕರಾಗಿ ಸೇರಿಸಿಕೊಳ್ಳಲು ಕಾನ್ಫೆಡರೇಟ್ ಸಂಸತ್ತು ಒಪ್ಪಿದ್ದೇ 1865ರ ಮಾರ್ಚ್ 13ರಂದು, ರಾಬರ್ಟ್ ಲೀ ಶರಣಾಗಲು ಒಂದು ತಿಂಗಳೂ ಇಲ್ಲದಾಗ. ಅವರು ತೋರಿಸುವ ಪಿಂಚಣಿ ಅರ್ಜಿಗಳನ್ನು ಇಡೀ ಓದಲಿ. ಯಜಮಾನನ ಜೊತೆ ಸೇವಕನಾಗಿ ಹೋದವನ ಅರ್ಜಿ ಎಂಬುದು ಅಲ್ಲೇ ಇರುತ್ತದೆ.

ಫೋಟೊ ಖಂಡಿತ ಕಳಿಸಿ, ಹಾಕುತ್ತೇನೆ. ಗೋರಿಕಲ್ಲಿನದು ತೊಳೆಯುವ ಮುಂಚಿನದೊಂದು, ತೊಳೆದು ಒಂದು ತಿಂಗಳಾದ ಮೇಲಿನದೊಂದು ಇರಲಿ. ಊರ ಚೌಕದಲ್ಲಿ ಪ್ರತಿಮೆ ಇದ್ದರೆ ಪೀಠದ ನಾಲ್ಕೂ ಮುಖಗಳನ್ನು ತೆಗೆಯಿರಿ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಾದರೆ ಸವೆದ ಅಕ್ಷರವೂ ಓದಲು ಸಿಗುತ್ತದೆ. ನಿಲ್ಲಿಸಿದ ವರ್ಷ, ಹಣ ಕೊಟ್ಟ ಸಂಘ, ಮಾಡಿಕೊಟ್ಟ ಕಂಪನಿ, ಮೂರನ್ನೂ ಬರೆದು ಕಳಿಸಿ. ಅವತ್ತಿನ ಭಾಷಣ ನಿಮ್ಮ ಕೌಂಟಿ ಗ್ರಂಥಾಲಯದ ಹಳೆಯ ಪತ್ರಿಕೆಗಳ ಮೈಕ್ರೊಫಿಲ್ಮಿನಲ್ಲಿ ಇದ್ದೀತು, ಗ್ರಂಥಪಾಲಕರನ್ನು ಕೇಳಿ. ಊರಿನ ಕರಿಯರ ಸ್ಮಶಾನ ಎಲ್ಲಿದೆ ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಿ. ಹುಡುಗ ಬ್ರಶ್ಶು, ಬಕೆಟ್ಟು ಹಿಡಿದು ಅಲ್ಲಿಗೂ ಹೋಗಿಬರಲಿ. ಅಲ್ಲಿ ಕೆಲಸ ಮಾಡುವ ಮುನ್ನ ಆ ಚರ್ಚಿನವರ, ಮನೆತನದವರ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ.